ಅಂದಾಜಿನ ಅಳತೆ

ಎರಡು ಸಾವಿರದ ಇಸವಿಯ ಈಚಿನ ಮೊದಲ ವರ್ಷಗಳಲ್ಲಿ ನಾನು ಲಂಡನ್ ಅಂಚಿನ ಫೆಲ್ಥಮ್‌ನ ಲಾಂಡ್ರಿಯೊಂದರ ಮೇಲಿನ ಫ್ಲಾಟ್‌ನಲ್ಲಿ ಒಬ್ಬನೇ ಇದ್ದೆ. ಕೆಲಸ ಹೀಥ್ರೋದಲ್ಲಿ, ಒಂದು ವಿಮಾನ ಕಂಪನಿಯ ಕಾರ್ಗೋ ಶೆಡ್ಡಿನಲ್ಲಿ. ಒಂದು ಕ್ರಿಸ್‌ಮಸ್ ದಿನ ನನಗೆ ರಜೆ ಬಂತು. ಬಸ್ಸಿಲ್ಲ, ರೈಲಿಲ್ಲ, ಕೆಳಗಿನ ಯಂತ್ರಗಳ ಸದ್ದೂ ಇಲ್ಲ. ಬೆಳಗಿನಿಂದ ಯಾರೊಂದಿಗೂ ಮಾತಾಡಿರಲಿಲ್ಲ. ಮಧ್ಯಾಹ್ನ ಗಂಜಿ ಬಸಿಯುತ್ತ ನಿಂತಾಗ ಅಪ್ಪ ನೆನಪಾದರು.

ಅಪ್ಪ ಒಮಾನಿನ ಮರುಭೂಮಿಯ ಒಂದು ನದಿ ಕಣಿವೆಯಲ್ಲಿ ಹದಿನಾರು ವರ್ಷ ದರ್ಜಿಯಾಗಿದ್ದರು. ಎರಡು ವರ್ಷಕ್ಕೊಮ್ಮೆ ಉಡುಪಿಗೆ ಬಂದು ಒಂದು ತಿಂಗಳು ಇದ್ದು ಹೋಗುತ್ತಿದ್ದರು. ಕೆಲಸ ಬಿಟ್ಟು ಬಂದ ವರ್ಷವೇ ತೀರಿಕೊಂಡರು. ಅಲ್ಲಿ ರಜೆಯ ದಿನ ಏನು ಮಾಡುತ್ತಿದ್ದಿರಿ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಫೆಬ್ರವರಿಯಲ್ಲಿ, ಸೀಟು ಖಾಲಿಯಿದ್ದರೆ ಮಾತ್ರ ಹತ್ತಿಸಿಕೊಳ್ಳುವ ನೌಕರರ ಟಿಕೆಟ್ ಹಿಡಿದು ಮಸ್ಕತ್‌ಗೆ ಹೋದೆ. ಅಪ್ಪನ ಹಳೆಯ ಪತ್ರದ ಹಿಂದಿದ್ದ ಊರಿನ ಹೆಸರನ್ನು ಟ್ಯಾಕ್ಸಿಯವನಿಗೆ ತೋರಿಸಿದೆ. ನದಿಯೆಂದರೆ ನೀರಿರಲಿಲ್ಲ, ಬರೀ ಉರುಟು ಕಲ್ಲುಗಳ ಅಗಲವಾದ ಹಾಸು. ಈಚೆ ದಡದಲ್ಲಿ ಸಿಮೆಂಟಿನ ಹೊಸ ಊರು, ಆಚೆ ದಡದಲ್ಲಿ ಎಲ್ಲರೂ ಬಿಟ್ಟುಹೋದ ಮಣ್ಣಿನ ಊರು. ಚಹಾದಂಗಡಿಯಲ್ಲಿ ಹಿಂದಿ ಬಲ್ಲ ಮುದುಕರೊಬ್ಬರು ಸಿಕ್ಕಿದರು. ಅಪ್ಪನ ಫೋಟೋ ನೋಡಿ, ದರ್ಜಿಯ ಮಗನೋ ಎಂದು ಕೇಳಿ, ನನ್ನ ಕೈಹಿಡಿದು ಕಲ್ಲುಹಾಸು ದಾಟಿಸಿದರು.

ಕರೆಂಟು, ರಸ್ತೆ ಈಚೆ ದಡಕ್ಕೆ ಬಂದಾಗ ಒಂದೊಂದೇ ಮನೆಯವರು ಇತ್ತ ಬಂದರಂತೆ. ಖರ್ಜೂರದ ಮರದ ತೊಲೆಗಳು ಮುರಿದು ಮಾಳಿಗೆಗಳು ಒಳಗೆ ಕುಸಿದಿದ್ದವು. ಮಕ್ಕಳು ಓದುತ್ತಿದ್ದ ಕೋಣೆಯನ್ನು ಮುದುಕರು ತೋರಿಸಿದರು, ಅತಿಥಿಗಳಿಗೆ ಕಾಫಿ ಕೊಡುತ್ತಿದ್ದ ಜಗಲಿ ತೋರಿಸಿದರು. ಹೆಂಗಸರಿದ್ದ ಮನೆಗಳ ಬಾಗಿಲಲ್ಲಿ ಈಗಲೂ ಒಮ್ಮೆ ಕೆಮ್ಮಿಯೇ ಮುಂದೆ ಹೋಗುತ್ತಿದ್ದರು.

ಅಪ್ಪನ ಅಂಗಡಿ ಒಂದು ಮಂಚ ಹಿಡಿಸುವಷ್ಟು ಜಾಗ. ಸುಣ್ಣದ ಗಾರೆಯ ಮೇಲೆ ಪೆನ್ಸಿಲಿನ ಬರಹ, ಕನ್ನಡದಲ್ಲಿ. ಊರವರ ಅರಬ್ಬಿ ಹೆಸರುಗಳು, ಎದೆ, ಭುಜ, ಉದ್ದ. ಕೆಳಗೆ ಮೂಲೆಯಲ್ಲಿ ‘ಮಗ, ಅಂದಾಜು’ ಎಂದು ಬರೆದು ಅದರಡಿ ಏಳು ಸಾಲು ಅಂಕಿಗಳು. ಸಾಲಿನಿಂದ ಸಾಲಿಗೆ ಅಂಕಿ ಸ್ವಲ್ಪ ಸ್ವಲ್ಪ ಬೆಳೆದಿತ್ತು. ಉಡುಪಿಗೆ ಬರುವವರ ಕೈಯಲ್ಲಿ ಅಪ್ಪ ಕಳಿಸುತ್ತಿದ್ದ ಅಂಗಿಗಳು ಕಣ್ಣ ಮುಂದೆ ಬಂದವು. ಒಂದು ಸಲ ತೋಳು ಬೆರಳು ಮುಚ್ಚುತ್ತಿತ್ತು, ಇನ್ನೊಂದು ಸಲ ಗುಂಡಿ ಹಾಕಲಾಗುತ್ತಿರಲಿಲ್ಲ. ಶಾಲೆಯಲ್ಲಿ ನಗುತ್ತಾರೆಂದು ನಾನು ಹಾಕಲು ಒಪ್ಪುತ್ತಿರಲಿಲ್ಲ.

ಮುದುಕರು ಹೊಸ್ತಿಲ ಮೇಲೆ ಕೂತರು. “ಶುಕ್ರವಾರ ಅಂಗಡಿ ಮುಚ್ಚಿ ಒಳಗೇ ಇರುತ್ತಿದ್ದರು,” ಎಂದರು. “ಊಟಕ್ಕೆ ಕರೆದರೆ ಬರುತ್ತಿದ್ದರು. ಕರೆಯುವುದು ನಮಗೆ ಕೆಲವೊಮ್ಮೆ ಮರೆತುಹೋಗುತ್ತಿತ್ತು.”

ಆ ಮೂಲೆಯ ಗಾರೆಯನ್ನು ಹಾಗೇ ಎಬ್ಬಿಸಿ ಒಯ್ಯಬೇಕು ಅನ್ನಿಸಿತು. ಅವರ ಚಾಕು ಕೇಳಿ ತೆಗೆದುಕೊಂಡು ಸುತ್ತಲೂ ಗೀರಿದೆ. ಗಾರೆ ಏಳಲಿಲ್ಲ, ಪುಡಿಯಾಯಿತು. ಮೂರು ಸಾಲು ನನ್ನ ಪಾದದ ಮೇಲೆ ಉದುರಿದವು. ಮುದುಕರು ನನ್ನ ಮಣಿಕಟ್ಟು ಹಿಡಿದು ಚಾಕು ಬಿಡಿಸಿಕೊಂಡರು. ಬೈಯಲಿಲ್ಲ. ನಾನು ಅಲ್ಲೇ ಕೂತು ಅತ್ತೆ.

ಫೆಲ್ಥಮ್‌ಗೆ ಮರಳಿದ ಮೇಲೆ, ಭಾನುವಾರ, ಅಕ್ಕನ ಮನೆಯಲ್ಲಿದ್ದ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಗಾರೆ ಒಡೆದದ್ದನ್ನೂ ಹೇಳಿದೆ.

“ಒಂದು ಅಂಗಿಯೂ ನಿನಗೆ ಸರಿಯಾಗ್ತಿರ್ಲಿಲ್ಲ,” ಎಂದರು ಅಮ್ಮ. “ಅಳತೆ ಸರಿ ಉಂಟು ಅಂತಲೇ ನಾನು ಕಾಗದ ಬರೀತಿದ್ದೆ. ಅಲ್ಲಿ ಒಬ್ಬರೇ ಇರುವುದು, ಪಾಪ, ಬೇಜಾರಾಗುದು ಬೇಡ ಅಂತ.”

“ಸರಿಯಿಲ್ಲ ಅಂತ ಬರೆದಿದ್ರೆ ಅಪ್ಪ ನನ್ನ ಅಳತೆ ಕೇಳ್ತಿದ್ರಲ್ಲಮ್ಮಾ.”

“ಹೌದು ಮಗಾ. ಆಗ ನನಗೆ ಹೊಳೀಲಿಲ್ಲ.”

ಮರುದಿನ ಶೆಡ್ಡಿನಲ್ಲಿ ಜೊತೆಯವನೊಬ್ಬ, ಅಲ್ಲಿ ಬಿಸಿಲು ಚೆನ್ನಾಗಿತ್ತೇ ಎಂದು ಕೇಳಿದ. ಚೆನ್ನಾಗಿತ್ತು ಎಂದೆ. ಮುಂದಿನ ಚಳಿಗಾಲದಲ್ಲಿ ಮತ್ತೆ ಹೋದಾಗ ಒಂದು ಮಳೆಗೆ ಆ ಗೋಡೆಯೇ ಕುಸಿದಿತ್ತು. ಮುದುಕರು ಮನೆಗೆ ಕರೆದು ಊಟ ಹಾಕಿದರು. ಚಹಾದಂಗಡಿಯ ಹಿಂದಿನ ಕೋಣೆಯಲ್ಲಿ ಮೂರು ದಿನ ಇದ್ದೆ. ಮೂರು ದಿನವೂ, ಹೊತ್ತಿಗೆ ಸರಿಯಾಗಿ, ಅವರೇ ಬಂದು ಕರೆದರು.