ಪೆತ್ರೋನಾ ದಾಟಿಸಿದ ಅಂತರಗಂಗೆ

ಅಣ್ಣ ಸತ್ತ ಮೇಲೆ ಅವನ ಜಾಗಕ್ಕೆ ಬಲೆಯೊಳಗೆ ಇಳಿದವಳು ಅತ್ತಿಗೆ ಪೆತ್ರೋನಾ. ಹದಿನೆಂಟು ವರ್ಷ ಆಯಿತು. ಆ ಕೆಲಸಕ್ಕೆ ಈಗ ಗಂಡಸರೂ ಒಪ್ಪುವುದಿಲ್ಲ.

ಮಳೆ ನಿಂತು ಮಗ್ದಲೇನಾ ನದಿ ಇಳಿದರೆ ನಮ್ಮ ಕೆರೆಯೂ ಕುಗ್ಗುತ್ತದೆ. ಬಿಸಿಲು ತಾಳದೆ ಮೀನುಗಳೆಲ್ಲ ನೀರ ಮೇಲೆ ತೇಲುವ ಅಂತರಗಂಗೆ ಗಿಡಗಳ ಅಡಿ ಸೇರುತ್ತವೆ. ಆ ಹಸಿರು ಹಾಸಿನ ಸುತ್ತ ನಾವು ಬಲೆ ಕಟ್ಟುತ್ತೇವೆ. ಒಬ್ಬರು ಎದೆಮಟ್ಟದ ನೀರಿನಲ್ಲಿ ನಿಂತು ಗಿಡಗಳನ್ನು ಕಿತ್ತು ಆಚೆ ಹಾಕಬೇಕು. ಒಳಗೆ ಬಯಲಾದ ಹಾಗೆಲ್ಲ ಬಲೆ ಬಿಗಿಯುತ್ತೇವೆ, ಕೊನೆಗೆ ಮೀನು ಉಳಿಯುತ್ತದೆ. ಎಲ್ಲರೂ ಗಿಡ ಎತ್ತಿ ಎಸೆದುಬಿಡುತ್ತಾರೆ. ಪೆತ್ರೋನಾ ಎತ್ತುವುದಿಲ್ಲ. ಬಲೆಯ ಮೇಲಂಚನ್ನು ಮೊಣಕೈಯಿಂದ ಒಂದು ಗೇಣು ನೀರೊಳಗೆ ತಗ್ಗಿಸಿ, ಬೇರು ನೀರಿನಿಂದ ಮೇಲೆ ಬರದ ಹಾಗೆ ಗಿಡವನ್ನು ಆಚೆ ತಳ್ಳುತ್ತಾಳೆ. ಕರಿ ಗಡ್ಡದಂಥ ಆ ಬೇರಿನಲ್ಲಿ ಮೀನಿನ ಮರಿಗಳು ಇರುತ್ತವೆ. ಹಾಗೆ ತಗ್ಗಿಸಿದಾಗ ಒಂದೆರಡು ದೊಡ್ಡ ಮೀನೂ ಜಾರಿಕೊಳ್ಳುತ್ತವೆ. ಇದಕ್ಕೆ ನಾನು ಹದಿನೆಂಟು ವರ್ಷವೂ ಬೈದಿದ್ದೇನೆ.

"ಮೊಣಕೈ ಎತ್ತು ಅತ್ತಿಗೆ! ಹೋಯ್ತು ನೋಡು, ಮೊಳದುದ್ದ ಇತ್ತು!"

"ಹೋಗ್ಲಿ ಬಿಡೋ ಆರ್ಗೆಮೀರೊ. ನಿನ್ನ ಬಾಯಿಗೆ ಹೆದರಿ ಓಡ್ತು ಅದು."

ಕಳೆದ ವರ್ಷದ ನೆರೆ ಕೆರೆಯ ಅಂತರಗಂಗೆಯನ್ನೆಲ್ಲ ನದಿಗೆ ಹೊತ್ತೊಯ್ದಿತು. ದಕ್ಷಿಣದ ಮೂಲೆಯಲ್ಲಿ ಒಂದೇ ಒಂದು ಹಾಸು ಉಳಿಯಿತು. ಇಡೀ ಕೆರೆಯ ಮರಿಗಳಿಗೆ ಅದೊಂದೇ ನೆರಳು. ಅದು ಹೋದರೆ ಮುಂದಿನ ವರ್ಷ ಬಲೆ ಹಾಕುವುದಕ್ಕೆ ಏನೂ ಇರುವುದಿಲ್ಲ. ಇದು ನನಗೂ ಗೊತ್ತಿತ್ತು. ಆದರೆ ಎಲ್ಲರೂ ಮಾಂಸ ಬಿಟ್ಟು ಮೀನು ತಿನ್ನುವ ಪವಿತ್ರ ವಾರ ಹತ್ತಿರವಿತ್ತು, ಮೀನಿಗೆ ಬೇಡಿಕೆ ಇತ್ತು, ಮಂಜುಗಡ್ಡೆಯ ಲಾರಿ ದಡದಲ್ಲಿ ಕಾಯುತ್ತಿತ್ತು. ಆ ಹಾಸಿನ ಸುತ್ತಲೇ ಬಲೆ ಕಟ್ಟಿದೆವು. ಪೆತ್ರೋನಾಗೆ ಸೊಂಟ ನೋವು, ಗಂಟೆಗೆ ಹತ್ತು ಗಿಡವೂ ದಾಟುತ್ತಿರಲಿಲ್ಲ. ನನಗೆ ತಲೆ ಕೆಟ್ಟಿತು. ಪಕ್ಕದ ಮನೆಯ ರೊಸೆಂದೊನನ್ನು ಎಂಜಿನ್ ದೋಣಿ ತರುವಂತೆ ಕೂಗಿದೆ.

ಬಲೆಗೂ ದೋಣಿಗೂ ಹಗ್ಗ ಬಿಗಿದು, ಹಾಸನ್ನು ಇಡಿಯಾಗಿ ದಡಕ್ಕೆ ಎಳೆಸಿದೆವು. ಅರ್ಧ ಹಾಸು ಕೆಸರಿನ ಮೇಲೆ ಬಂದು ರಾಶಿ ಬಿತ್ತು. ಪೆತ್ರೋನಾ ತೆವಳಿಕೊಂಡು ದಡ ಹತ್ತಿ, ರಾಶಿಯಿಂದ ಒಂದೊಂದೇ ಗಿಡ ಎಳೆದು ನೀರಿಗೆ ಒಯ್ಯತೊಡಗಿದಳು. ಎರಡನೆಯ ಸಲ ಕಾಲು ಜಾರಿ ಕುಕ್ಕರಿಸಿದಳು. ಏಳಲು ಆಗಲಿಲ್ಲ. ಕೂತಲ್ಲಿಂದಲೇ ಕೈಚಾಚಿ ಇನ್ನೊಂದನ್ನು ಎಳೆದಳು.

ರೊಸೆಂದೊ ನಕ್ಕ. "ಏನಜ್ಜಿ, ಒಂದೊಂದಕ್ಕೂ ಸ್ನಾನ ಮಾಡಿಸ್ತೀಯಾ? ಪೌಡರ್ ತರ್ಲಾ?"

"ಮುಚ್ಚೋ ಬಾಯಿ!" ಎಂದೆ. ಎತ್ತಲು ಹೋದರೆ ಅವಳು ನನ್ನ ಕೈ ತಳ್ಳಿದಳು.

"ನನ್ನ ಬಿಡು. ಅದನ್ನ ಹಿಡ್ಕೋ."

ಹಿಡಿದುಕೊಂಡೆ. ಬೇರಿನಿಂದ ಅಕ್ಕಿಕಾಳಿನಷ್ಟು ಚಿಕ್ಕ ಮರಿಗಳು ನನ್ನ ಮುಂಗೈ ಮೇಲೆ ಉದುರಿದವು. ಕೆಲವು ಮಿಡಿಯುತ್ತಿದ್ದವು, ಕೆಲವು ಆಗಲೇ ಒಣಗಿ ಅಂಟಿಕೊಂಡಿದ್ದವು.

ಮಚ್ಚು ಸೊಂಟದಲ್ಲೇ ಇತ್ತು. ಹಗ್ಗ ಕಡಿದೆ. ನೀರಿನಲ್ಲಿದ್ದ ಅರ್ಧ ಹಾಸು ಸಡಿಲಗೊಂಡು ಹಿಂದಕ್ಕೆ ತೇಲಿತು, ಬಲೆ ಮುಳುಗಿತು, ಒಳಗಿದ್ದ ಮೀನೆಲ್ಲ ಹೊರಟುಹೋಯಿತು.

"ಹುಚ್ಚು ಹಿಡೀತೇನೋ ನಿಂಗೆ?" ರೊಸೆಂದೊ ಅರಚಿದ. "ಲಾರಿಯವನಿಗೆ ಏನು ಹೇಳ್ಲಿ?"

"ಮೀನಿಲ್ಲ ಅಂತ ಹೇಳು. ಇಲ್ಲಾಂದ್ರೆ ನೀನೇ ಹತ್ತಿ ಕೂತ್ಕೋ, ಮಂಜುಗಡ್ಡೆ ದಂಡ ಆಗಬಾರದು."

ಲಾರಿ ಖಾಲಿ ಹೋಯಿತು. ನಾನು, ಪೆತ್ರೋನಾ ಇಬ್ಬರೂ ಮಧ್ಯಾಹ್ನದವರೆಗೆ ರಾಶಿಯನ್ನು ನೀರಿಗೆ ಸಾಗಿಸಿದೆವು. ಅಡಿಯಲ್ಲಿದ್ದದ್ದು ಸತ್ತಿತ್ತು. ಅದನ್ನೂ ಅವಳು ಬಿಡಲಿಲ್ಲ, ನಾನೂ ಹೊತ್ತೆ. 

ಆ ಪವಿತ್ರ ಶುಕ್ರವಾರ ನಮ್ಮ ಮನೆಯಲ್ಲಿ ಬೇರೆ ಊರಿನ ಉಪ್ಪುಮೀನು ಬೇಯಿಸಿದೆವು. ಮೀನುಗಾರರ ಮನೆಯಲ್ಲಿ ಹಾಗೆ ಆಗಬಾರದು. ಪೆತ್ರೋನಾ ಮರಗೆಣಸಿನ ಜೊತೆ ಎರಡು ತುತ್ತು ತಿಂದು, ತಟ್ಟೆ ಮುಂದಿಟ್ಟುಕೊಂಡೇ ಗೋಡೆಗೆ ಒರಗಿ ನಿದ್ದೆಹೋದಳು.