ಬೊಚ್ಚು ಬಾಯಿಯ ಬರ್ಗರ್

ಆ ವರ್ಷ ಘಾಟ್ಕೋಪರ್‌ನ ನಮ್ಮ ಮನೆಯಲ್ಲಿ ಬೊಚ್ಚು ಬಾಯಿ ಎರಡಿದ್ದವು. ಒಂದು ನನ್ನದು, ಇನ್ನೊಂದು ಮಗಳ ಮಗುವಿನದು. ಮೊಮ್ಮಗಳಿಗಾದರೂ ಮುಂದೆ ಅಕ್ಕಿಕಾಳಿನಂಥ ನಾಲ್ಕು ಹಲ್ಲು ಬಂದಿದ್ದವು. ನನ್ನವನ್ನು ದಾದರಿನ ಹಲ್ಲಿನ ಡಾಕ್ಟರು ಒಂದೂ ಉಳಿಸದೆ ಕಿತ್ತು, ವಸಡು ಆರಿದ ಮೇಲೆ ಹೊಸ ಸೆಟ್ ಕೊಡುತ್ತೇನೆ ಎಂದು ಕಳಿಸಿದ್ದರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಅಳಿಯ ತಮಾಷೆ ಮಾಡಿದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ; ಎರಡು ದಿನ ಅವನೊಡನೆ ಸರಿಯಾಗಿ ಮಾತಾಡಲಿಲ್ಲ. ಯಾರು ಎದುರಾದರೂ ಸೆರಗಿನ ತುದಿಯನ್ನು ಬಾಯಿಗೆ ತರುವುದು ಅಭ್ಯಾಸವಾಗಿಬಿಟ್ಟಿತ್ತು. ಮಾಟುಂಗದಲ್ಲಿ ತಮ್ಮನ ಮಗನ ಮದುವೆ ಗೊತ್ತಾಗಿತ್ತು. ಅಷ್ಟರೊಳಗೆ ಹಲ್ಲು ಬರಲಿ ಎಂದು ಮನೆದೇವರಿಗೆ ಹರಕೆ ಹೊತ್ತಿದ್ದೆ.

ಮನೆಯ ನಿಜವಾದ ಚಿಂತೆ ಮಗುವಿನದು. ಒಂದು ದಿನ ಚಪಾತಿಯ ಚೂರು ಅವಳ ಗಂಟಲಿಗೆ ಸಿಕ್ಕಿಕೊಂಡು ಮುಖ ಕೆಂಪೇರಿತು. ಬೆನ್ನು ತಟ್ಟಿದ ಮೇಲೆ ಚೂರು ಹೊರಗೆ ಬಿತ್ತು, ನಮಗೆಲ್ಲ ಹೋದ ಜೀವ ಬಂತು. ಆದರೆ ಅಂದಿನಿಂದ ಚಮಚ ಕಂಡರೆ ಸಾಕು, ಬಾಯಿಗೆ ಬೀಗ. ಹಾಲು ಮತ್ತು ತೆಳು ಗಂಜಿ, ಅಷ್ಟೇ. ಇತ್ತ ಮಗಳ ರಜೆ ಮುಗಿಯುತ್ತ ಬಂದಿತ್ತು. ಪಕ್ಕದ ಬಿಲ್ಡಿಂಗಿನಲ್ಲಿ ಒಬ್ಬ ಮರಾಠಿ ಹೆಂಗಸು ಕೆಲಸಕ್ಕೆ ಹೋಗುವವರ ಮಕ್ಕಳನ್ನು ಹಗಲಿಡೀ ನೋಡಿಕೊಳ್ಳುತ್ತಿದ್ದಳು. ಕೈಯಲ್ಲಿ ಹಿಡಿದು ತಿನ್ನುವ ಮಗುವಾದರೆ ಕರೆತನ್ನಿ, ಇಷ್ಟು ಮಕ್ಕಳ ನಡುವೆ ಬಾಟಲಿ ಹಿಡಿದು ಕೂರಲು ನನ್ನಿಂದಾಗದು ಎಂದಿದ್ದಳು. ಅವಳದೂ ತಪ್ಪಲ್ಲ. ನಾನೇ ನೋಡಿಕೊಳ್ಳೋಣವೆಂದರೆ ಓಡಾಡುವ ಮಗುವಿನ ಹಿಂದೆ ದಿನವಿಡೀ ಓಡಲು ನನ್ನ ಮಂಡಿ ಕೇಳುವುದಿಲ್ಲ.

ಒಂದು ಸಂಜೆ ಬಟ್ಟೆ ಒಣಹಾಕುತ್ತ ಮಗಳು ತಣ್ಣಗೆ ಅಂದಳು, "ಕೆಲಸ ಬಿಡ್ತೇನೆ ಅಮ್ಮ. ಬೇರೆ ಎಂತ ಮಾಡುದು?"

ಮದುವೆಯಾಗಿ ಈ ಊರಿಗೆ ಬಂದಾಗ ನಾನೂ ಟೀಚರ್ ಕೆಲಸವನ್ನು ಹೀಗೇ ಬಿಟ್ಟವಳು. ಬಿಡು ಎಂದು ಯಾರೂ ಹೇಳಿರಲಿಲ್ಲ. ಬಿಡಬೇಡ ಎಂದೂ ಯಾರೂ ಹೇಳಿರಲಿಲ್ಲ.

"ಬಿಡಬೇಡ ಮಾರಾಯ್ತಿ," ಎಂದೆ. "ಮಗು ತಿಂತದೆ. ನಾನಿದ್ದೇನಲ್ಲ."

ಹೇಳಿಬಿಟ್ಟೆ. ತಿನ್ನಿಸುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ.

ದಾರಿ ತೋರಿಸಿದ್ದು ಮಗುವೇ. ಆ ಭಾನುವಾರ ಮಾಲಿನಲ್ಲಿ ಪಕ್ಕದ ಮೇಜಿನ ಹುಡುಗಿಯೊಬ್ಬಳು ಬರ್ಗರನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿದ್ದಳು. ನಮ್ಮದು ಅಮ್ಮನ ಮಡಿಲಿನಿಂದ ಅರ್ಧ ಹೊರಗೆ ಬಾಗಿ ಎರಡೂ ಕೈ ಚಾಚಿತು. ಬರ್ಗರಿಗೆ ಚಮಚ ಬೇಡವಲ್ಲ! ಮಗಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಮರುದಿನ ಮೂಲೆಯಂಗಡಿಯ ಪಾವ್ ತಂದು ಶುರುಮಾಡಿದೆವು. ಮಗಳು ಬೆರಳಲ್ಲಿ ಒತ್ತಿ ಎಷ್ಟು ಮೆತ್ತಗಿದೆ ಎಂದಳು. ನಾನೊಂದು ಚೂರು ಬಾಯಿಗೆ ಹಾಕಿಕೊಂಡೆ. ವಸಡಿನಲ್ಲಿ ಅದುಮುತ್ತಿದ್ದಂತೆ ಅದು ಅಂಟಾಗಿ ಅಂಗುಳಕ್ಕೆ ಹಿಡಿಯಿತು. ನಾಲಿಗೆಯಲ್ಲಿ ಎಷ್ಟು ಕೆರೆದರೂ ಬಿಡದು. ನನಗೇ ಹೀಗಾದರೆ ಆ ಕೂಸಿನ ಗತಿ? ಪಾವ್ ಬೇಡ ಎಂದೆ. ಯಾವುದು ಮೆತ್ತಗೆ, ಯಾವುದು ಅಲ್ಲ ಎಂದು ಹೇಳಬಲ್ಲ ಬಾಯಿ ಮನೆಯಲ್ಲಿ ನನ್ನದೊಂದೇ ಎಂಬುದು ಆಗ ಹೊಳೆಯಿತು. ಹಲ್ಲು ಹೋದ ಮೇಲೆ ಮೊದಲ ಸಲ ಸ್ವಲ್ಪ ಜಂಬವೂ ಆಯಿತು.

ಇಡ್ಲಿ ಹಿಟ್ಟಿಗೆ ಒಂದು ಮುಷ್ಟಿ ರಾಗಿಹಿಟ್ಟು ಬೆರೆಸಿ ಪುಟ್ಟ ಬಟ್ಟಲುಗಳಲ್ಲಿ ಹಬೆಗಿಟ್ಟೆ. ಬೆಂದಾಗ ಬನ್ನಿನದೇ ಕಂದು ಬಣ್ಣ. ಸಿಹಿಗುಂಬಳವನ್ನೂ ಹೆಸರುಬೇಳೆಯನ್ನೂ ಬೇಯಿಸಿ ನುರಿದು, ಚಿಟಿಕೆ ಜೀರಿಗೆ ಪುಡಿ ಹಾಕಿ, ಸ್ವಲ್ಪ ಅಕ್ಕಿಹಿಟ್ಟಿನಲ್ಲಿ ಬಿಲ್ಲೆ ತಟ್ಟಿ, ತುಪ್ಪ ಸವರಿದ ತವಾದ ಮೇಲೆ ಸಣ್ಣ ಉರಿಯಲ್ಲಿ ಬೇಯಿಸಿದೆ. ಅಂಚು ಗರಿಗರಿಯಾದದ್ದನ್ನು ನನ್ನ ವಸಡು ತಳ್ಳಿತು, ಒಳಗೆ ಹಿಟ್ಟು ಬೇಯದ್ದನ್ನೂ ತಳ್ಳಿತು. ಮುಚ್ಚಳ ಮುಚ್ಚಿ ಬೇಯಿಸಿದ್ದು ಒಪ್ಪಿಗೆಯಾಯಿತು. ಕೊನೆಗೆ ಎರಡು ಇಡ್ಲಿಯ ನಡುವೆ ಆ ಬಿಲ್ಲೆ, ಅದರ ಮೇಲೆ ನುಣ್ಣಗೆ ಹೆಚ್ಚಿ ಬೇಯಿಸಿದ ಹರಿವೆ ಸೊಪ್ಪಿನ ಒಂದು ಪದರ. ಮೇಲೆ ಎಳ್ಳು ಬೇಡವಾ ಎಂದು ಅಳಿಯ ಕೇಳಿದ. ನಿನ್ನ ತಲೆ ಎಂದೆ.

ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಕಣ್ಣು ತೂಗುತ್ತದೆ. ಕಿಟಕಿಯಾಚೆ ಮೆಟ್ರೋ ಜಾರಿಹೋದಾಗ ಗೋಡೆಯ ಮೇಲೆ ಬೆಳಕಿನ ತುಂಡುಗಳು ಸಾಲಾಗಿ ಓಡಿ ಮಾಯವಾಗುತ್ತಿದ್ದವು. ಅಡುಗೆಮನೆಯಿಂದ ಹಬೆಯ ವಾಸನೆ, ಕೆಳಗೆ ಯಾವನೋ ಹಳೇ ಸಾಮಾನಿನವನ ನಿದ್ದೆಗಣ್ಣಿನ ಕೂಗು. ಮಗು ಮತ್ತು ನಾನು ಚಾಪೆಯ ಮೇಲೆ ಎದುರುಬದುರು, ಇಬ್ಬರ ಕೈಯಲ್ಲೂ ಒಂದೊಂದು ಬರ್ಗರ್. ಮಗಳು ಪಕ್ಕದಲ್ಲೇ ಉಸಿರು ಬಿಗಿಹಿಡಿದು ಕೂರುವಳು. ನಾನು ಕಚ್ಚಿ, ತುಟಿ ಒಳಗೆ ಮಡಿಸಿ ನಿಧಾನವಾಗಿ ಅದುಮುತ್ತಿದ್ದೆ. ಮಗು ನನ್ನ ಬಾಯಿಯನ್ನೇ ನೋಡುತ್ತಿತ್ತು. ಮೊದಲು ಬರೀ ನೆಕ್ಕಿತು, ಆಮೇಲೆ ಹಿಂಡಿ ಚಾಪೆಗೆ ಬಳಿಯಿತು. ಎಷ್ಟು ಮಧ್ಯಾಹ್ನ ಹೀಗೆ ಹೋದವೋ, ಲೆಕ್ಕವಿಟ್ಟವರಾರು. ಒಂದು ದಿನ ನನಗೆ ಕೂತಲ್ಲೇ ಜೋಂಪು ಹತ್ತಿ, ಕಣ್ಣು ಬಿಟ್ಟಾಗ ಅವಳ ಕೈಯಲ್ಲಿ ಅರ್ಧವೇ ಉಳಿದಿತ್ತು. ತುಟಿ ಒಳಗೆ ಮಡಿಸಿ ಅಗಿಯುತ್ತಿದ್ದಳು. ನುಂಗಿದಳು. ಮಗಳ ಕಣ್ಣಲ್ಲಿ ನೀರಿತ್ತು. ನಾನು ಅಲುಗದೆ ಕೂತೆ, ಆ ಗಳಿಗೆ ಒಡೆದುಹೋದೀತೆಂದು ಹೆದರಿಕೆ.

ಸೋಮವಾರದಿಂದ ಮಗುವನ್ನು ಬಿಡುವುದೆಂದು ಆ ಹೆಂಗಸಿಗೆ ಹೇಳಿದ್ದಾಯಿತು. ಮದುವೆ ಅದರ ಹಿಂದಿನ ದಿನ, ಭಾನುವಾರ. ಶುಕ್ರವಾರ ನನ್ನ ಹಲ್ಲು ಬಂತು. ಕನ್ನಡಿಯಲ್ಲಿ ನೋಡಿಕೊಂಡರೆ ಹತ್ತು ವರ್ಷ ಇಳಿದಿತ್ತು. ಸೆರಗಿಗೂ ಬಿಡುಗಡೆ. ಅದೇ ಸಂತೋಷದಲ್ಲಿ ಮಧ್ಯಾಹ್ನ ಮಗುವಿನೆದುರು ಕೂತು ಬರ್ಗರ್ ಕಚ್ಚಿದೆ. ಮಗು ನನ್ನ ಬಾಯಿಯಲ್ಲಿ ಏನನ್ನೋ ಹುಡುಕಿತು. ಸಿಗಲಿಲ್ಲವೇನೋ, ಮುಖ ಸಣ್ಣದಾಗಿ ಅಳು ಬಂತು. ಕೈಯಲ್ಲಿದ್ದದ್ದನ್ನು ಎಸೆಯಿತು. ಅಭ್ಯಾಸವಾಗುತ್ತದೆ ಎಂದೆ. ಶನಿವಾರವೂ ಬರೀ ಹಾಲೇ ಆಯಿತು.

ಮದುವೆಯ ಛತ್ರದಲ್ಲಿ ಊಟದ ಪಂಕ್ತಿಗೆ ಕೂತಾಗ ಮಗುವಿಗೆ ಹಸಿವೆಯ ಅಳು. ಮಗಳು ಡಬ್ಬಿ ತೆರೆದು ಬರ್ಗರ್ ಹಿಡಿದಳು. ಮಗು ಮುಖ ತಿರುಗಿಸಿತು. ಎದುರಿನ ಸಾಲಿನಲ್ಲಿ ಹೊಸ ಬೀಗರು, ಪಕ್ಕದಲ್ಲಿ ರೇಷ್ಮೆ ಸೀರೆಯ ನಾದಿನಿ, ಫೋಟೋದವನು ಸಾಲು ಹಿಡಿದು ಬರುತ್ತಿದ್ದ. ಮಗಳು ಪರ್ಸಿನಿಂದ ಫೋನ್ ತೆಗೆದಳು.

"ನಾಳೆ ಬರುದಿಲ್ಲ ಅಂತ ಆ ಹೆಂಗಸಿಗೆ ಹೇಳಿಬಿಡ್ತೇನೆ ಅಮ್ಮ. ಆಫೀಸಿಗೂ."

"ಫೋನ್ ಒಳಗಿಡು," ಎಂದೆ.

ಬಾಯಿಗೆ ಬೆರಳು ಹಾಕಿ ಎರಡೂ ಸಾಲು ಹಲ್ಲನ್ನು ತೆಗೆದೆ. ಕರವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಾದಿನಿ ಎಲೆಯ ಮೇಲಿನ ಪಾಯಸವನ್ನೇ ಮರೆತು ನೋಡಿದಳು. ನೋಡಲಿ. ನಾಚಿಕೆಯಿಂದ ಕಿವಿ ಸುಡುತ್ತಿತ್ತು, ಆದರೂ ಮಗುವನ್ನು ಎದುರಿಗೆ ಕೂರಿಸಿಕೊಂಡು, ಒಂದು ಚೂರು ಬಾಯಿಗಿಟ್ಟು, ತುಟಿ ಮಡಿಸಿ ಅದುಮಿದೆ. ಮಗುವಿನ ಅಳು ನಿಂತಿತು. ನನ್ನ ವಸಡನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿ, ನಕ್ಕಿತು. ಆಮೇಲೆ ಬರ್ಗರಿಗೆ ಎರಡೂ ಕೈ ಚಾಚಿತು. ಛತ್ರದ ಗದ್ದಲವೆಲ್ಲ ಎಲ್ಲೋ ದೂರಕ್ಕೆ ಸರಿದಂತೆ, ನಮ್ಮ ಚಾಪೆಯ ಮಧ್ಯಾಹ್ನವೇ ಅಲ್ಲಿಗೆ ಬಂದಂತೆ ಆಯಿತು. ಫೋಟೋದವನು ಕ್ಲಿಕ್ಕಿಸಿದ್ದು ನನಗೆ ತಿಳಿಯಲೂ ಇಲ್ಲ.

ಸೋಮವಾರ ಸಂಜೆ ಮಗಳು ಆಫೀಸಿನಿಂದ ನೇರ ಬಂದಳು. ಮಗುವನ್ನು ಕರೆತರಲು ಇಬ್ಬರೂ ಹೋದೆವು. ಡಬ್ಬಿ ಖಾಲಿಯಾಗಿತ್ತು. ಆ ಹೆಂಗಸಿಗೆ ಒಂದೇ ಒಂದು ವಿಷಯ ಅರ್ಥವಾಗಿರಲಿಲ್ಲ: ಹಲ್ಲು ಬಂದಿರುವ ಮಗು ತುಟಿ ಒಳಗೆ ಮಡಿಸಿ ಮುದುಕಿಯಂತೆ ಅಗಿಯುವುದೇಕೆ? ಅವಳನ್ನು ನೋಡಿ ಈಗ ಉಳಿದ ಮಕ್ಕಳೂ ಹಾಗೇ ಅಗಿಯುತ್ತಿವೆಯಂತೆ. ಯಾರು ಕಲಿಸಿದರು ಎಂದು ಕೇಳಿದಳು.

ಮಗಳು ನನ್ನ ಕಡೆ ತಿರುಗಿದಳು. ನನ್ನ ಹಲ್ಲು ಮನೆಯಲ್ಲಿ, ಲೋಟದ ನೀರಿನಲ್ಲಿತ್ತು. ಸೆರಗು ಹೆಗಲ ಮೇಲೇ ಇತ್ತು. ಅದನ್ನು ಅಲ್ಲೇ ಬಿಟ್ಟು, ಆ ಹೆಂಗಸಿನೆದುರು ಬಾಯಿ ತುಂಬ ನಕ್ಕೆ.