ಗುಂಡಿ ಒತ್ತಿದ ಮೇಲೂ

ಒಗೆಯಬೇಕೆಂದು ಇವತ್ತು ಬೆಳಿಗ್ಗೆ ಕ್ಯಾಮೆರಾದ ಬೆಲ್ಟು ಬಿಚ್ಚಿದೆ. ಮೂಗಿಗೆ ಹಿಡಿದರೆ ಇನ್ನೂ ವಿಭೂತಿಯ ವಾಸನೆ... ಬಕೆಟ್ಟಿನ ನೀರು ಚೆಲ್ಲಿ, ಬೆಲ್ಟನ್ನು ಹಾಗೇ ಮತ್ತೆ ಸಿಕ್ಕಿಸಿದೆ.

ಕ್ಯಾಮೆರಾ ನನ್ನದಲ್ಲ, ಸ್ಟುಡಿಯೋ ಕಾಕಾ ಅವರದು. ಮಸ್ಕಿ ಬಸ್‌ಸ್ಟ್ಯಾಂಡಿನ ಎದುರಿಗೇ ಅವರ ಸ್ಟುಡಿಯೋ. ನಾನು ಅಲ್ಲಿ ಕಂಪ್ಯೂಟರಿನಲ್ಲಿ ಪಾಸ್‌ಪೋರ್ಟ್ ಫೋಟೋ ಸರಿಮಾಡುವ ಕೆಲಸಕ್ಕಿದ್ದೆ. ಒಂದು ಕಡೆ ಕೂರುವ ಜನ್ಮವಲ್ಲ ನನ್ನದು. ಹಣೆ, ಕೊರಳ ತುಂಬ ವಿಭೂತಿ ಹಚ್ಚಿದ ಕಾಕಾ ನಗುತ್ತಿದ್ದರು. "ಏನವ್ವಾ, ಒಲಿ ಮ್ಯಾಲ ಹಾಲಿಟ್ಟು ಬಂದೀ ಏನು?"

ಕಾರಹುಣ್ಣಿಮೆಗೆ ಎತ್ತು ಓಡಿಸುವಾಗ ಪಾಮನಕಲ್ಲೂರಿನವರು ಕಾಕಾರನ್ನೇ ಕರೆಸುತ್ತಿದ್ದರು. ಬೇರೆಯವರ ಫೋಟೋದಲ್ಲಿ ಎತ್ತು ಗೂಟಕ್ಕೆ ಕಟ್ಟಿದಂತೆ ಕಾಣುತ್ತಿತ್ತು, ಇಲ್ಲವೇ ಕಲಸಿಹೋಗಿರುತ್ತಿತ್ತು. ಕಾಕಾ ಶಟರ್ ನಿಧಾನಕ್ಕಿಟ್ಟು, ಓಡುವ ಎತ್ತಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ಗುಂಡಿ ಒತ್ತುತ್ತಿದ್ದರು. ಎತ್ತಿನ ಕಣ್ಣು, ಮೂಗುದಾರ ಎಲ್ಲ ಸ್ಪಷ್ಟ. ಹಿಂದಿನ ಬೇಲಿ, ಜನ ಮಾತ್ರ ಬರೀ ಗೆರೆಗಳು.

ಅದನ್ನು ಕಲಿಯಲೇಬೇಕೆಂದು ನನಗೆ ಹಟ. ಕಾಕಾ ನನ್ನ ಕೈಗೆ ಕ್ಯಾಮೆರಾ ಕೊಡಲಿಲ್ಲ, ನೀರು ತುಂಬಿದ ತಂಬಿಗೆ ಕೊಟ್ಟರು. ಸಿಂಧನೂರಿನಿಂದ ಬಂದ ಬಸ್ಸು ಲಿಂಗಸುಗೂರಿನ ಕಡೆ ಮರೆಯಾಗುವವರೆಗೆ, ತಂಬಿಗೆ ಎದೆಗೆ ಹಿಡಿದು, ಪಾದ ಕದಲಿಸದೆ ಸೊಂಟದಿಂದಷ್ಟೇ ತಿರುಗಬೇಕು. ನೀರು ತುಳುಕಬಾರದು. ಚಹಾದ ಅಂಗಡಿಯವರೆಲ್ಲ ನಿಂತು ನೋಡುತ್ತಿದ್ದರು. ದಿನಾ ದುಪಟ್ಟಾ ತೋಯಿಸಿಕೊಂಡು ಒಳಗೆ ಬರುತ್ತಿದ್ದೆ.

ಆಮೇಲೆ ಕ್ಯಾಮೆರಾ ಸಿಕ್ಕಿತು. ಆದರೂ ನನ್ನದು ಒಂದೇ ತಪ್ಪು. ಗುಂಡಿ ಒತ್ತುತ್ತಲೇ ಕೈ ನಿಲ್ಲುತ್ತಿತ್ತು, ಹೇಗೆ ಬಂತೆಂದು ನೋಡುವ ಆತುರ.

"ಕ್ಲಿಕ್ ಅಂದ ಮ್ಯಾಲನೂ ತಿರುಗಬೇಕವ್ವಾ," ಅನ್ನುತ್ತಿದ್ದರು. "ಎತ್ತೇನು ನಿಂತದ? ನೀ ಯಾಕ ನಿಂದ್ರತಿ?"

ಆ ವರ್ಷ ಅವರಿಗೆ ಕೆಮ್ಮು ಹಿಡಿಯಿತು. ಲಿಂಗಸುಗೂರಿನ ಮಗಳು ತನ್ನಲ್ಲಿಗೇ ಬಂದು ತೋರಿಸಿಕೊಳ್ಳಿ ಎಂದು ಕರೆದಳು. ಯಾರು ಕೇಳಿದರೂ "ನಂದ್ಯಾಕ?" ಎಂದು ಲೆನ್ಸಿನ ಎದುರಿಂದ ಜಾರಿಕೊಳ್ಳುತ್ತಿದ್ದ ಮನುಷ್ಯ, ಅವತ್ತು ಬಸ್ಸು ಹತ್ತುವ ಮೊದಲು ಬೆಲ್ಟನ್ನು ತಾವೇ ನನ್ನ ಕೊರಳಿಗೆ ಹಾಕಿದರು.

"ಕಿಟಕಿ ಕಡಿ ಕುಂದ್ರತೀನಿ. ಬಸ್ ಬಿಟ್ಟ ಮ್ಯಾಲ ಹೊಡಿ. ಬಂದು ನೋಡ್ತೀನಿ."

ಬಸ್ಸು ಹೊರಟಿತು. ಕಿಟಕಿಯಲ್ಲಿ ಕಾಕಾ ಕೈ ಎತ್ತಿದರು. ತಿರುಗಿದೆ, ಒತ್ತಿದೆ... ಒತ್ತುತ್ತಲೇ ನಿಂತೆ. ಸ್ಕ್ರೀನಿನಿಂದ ತಲೆ ಎತ್ತುವಷ್ಟರಲ್ಲಿ ಬಸ್ಸೇ ಇರಲಿಲ್ಲ.

ಅವರು ಬರಲಿಲ್ಲ. ಇಪ್ಪತ್ತು ದಿನದ ಮೇಲೆ ಮಗಳ ಫೋನು. "ತಂಗಿ, ಅಪ್ಪಂದು ಒಂದು ಚಲೋ ಫೋಟೋ ಇದ್ರ ಕಳಸವಾ. ಕಟ್ಟು ಹಾಕಸಿ ಹಾರ ಹಾಕಬೇಕು." ಊರಿನ ಮುಖವೆಲ್ಲ ಇದ್ದ ಆ ಕಂಪ್ಯೂಟರಿನಲ್ಲಿ ಅವರದಿದ್ದದ್ದು ಅದೊಂದೇ. ಹಿಂದಿನ ಚಹಾದ ಅಂಗಡಿಯ ಬೋರ್ಡು ಅಕ್ಷರ ಅಕ್ಷರ ಓದುವಷ್ಟು ಸ್ಪಷ್ಟ. ಕಿಟಕಿಯಲ್ಲಿ ಕಾಕಾ ಇರಬೇಕಾದ ಕಡೆ ಒಂದು ಬಿಳಿ ಗೀಟು. "ಇಲ್ಲರೀ ಅಕ್ಕಾ," ಅಂದೆ. ಕೊನೆಗೆ ಅವರ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಬೇಕಾಯಿತು. ಮಾಡಿದವಳೂ ನಾನೇ. ಆ ನಾಚಿಕೆ ಇನ್ನೂ ಹೋಗಿಲ್ಲ.

ಇವತ್ತು ಬೆಲ್ಟು ಸಿಕ್ಕಿಸಿದವಳು ಮನೆಯಲ್ಲಿ ಇರಲಾಗದೆ ಬಸ್‌ಸ್ಟ್ಯಾಂಡಿನ ಎದುರಿಗೆ ಹೋಗಿ ನಿಂತೆ. ಲಿಂಗಸುಗೂರು ಬಸ್ಸು ಬಂತು, ಹೊರಟಿತು. ಒತ್ತಿದೆ. ಒತ್ತಿದ ಮೇಲೂ ತಿರುಗಿದೆ, ಅದು ಕಣ್ಣಿಗೆ ಮರೆಯಾಗುವವರೆಗೂ. ಆಮೇಲೆ ನೋಡಿದೆ. ಕಿಟಕಿಯ ಮುಖ, ಹಣೆಯ ಗೆರೆ ಸಮೇತ ಸ್ಪಷ್ಟವಾಗಿ ಬಂದಿತ್ತು. ಯಾರೋ ಗುರುತಿಲ್ಲದವರ ಮುಖ.